ಮಾಸ್ತರರು ಮೆಚ್ಚಿದ ಚಿತ್ರ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಬಂಡೆಯ ಮೇಲೆ ಬಂಡೆ ಕುಳಿತಿರುತ್ತದೆ; ಬಂಡೆಗಳ ಸಂದಿನಲ್ಲಿ ಭತ್ತದ ಗದ್ದೆ, ಬಾಳೆಯ ತೋಟ. ಆ ದಾರಿಯಲ್ಲಿ ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಹೋಗಿ ಬಂದು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿದ ಮಾಸ್ತರರೊಬ್ಬರಿದ್ದಾರೆ. ಮೂಲತಃ ಯಲಬುರ್ಗಾ ಸೀಮೆಯವರು, ಈಗ ನಿವೃತ್ತರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದೆಂಬುದನ್ನು ಪ್ರತಿ ವರ್ಷದ ಮೊದಲ ಪಾಠದಲ್ಲಿಯೇ ಹೇಳಿ, ಮುಂದಿನ ಬೆಂಚಿನ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುವುದನ್ನು ನೋಡಿ ಸಂತೋಷಪಡುತ್ತಿದ್ದರು. ಸಿನಿಮಾದ ಮಟ್ಟಿಗೆ ಅವರ ಅಭಿಪ್ರಾಯ ಸರಳವಾದುದು: ರಾಜಕುಮಾರರ ಕಾಲ ಮುಗಿದ ಮೇಲೆ ನೋಡತಕ್ಕದ್ದೇನೂ ಉಳಿದಿಲ್ಲ. ಅಂಥವರಿಗೆ ಅರವತ್ತು ದಾಟಿದ ಮೇಲೆ ಒಂದು ಇಂಗ್ಲಿಷ್ ಚಿತ್ರ ಅಚ್ಚುಮೆಚ್ಚಾಯಿತೆಂದರೆ, ಅದಕ್ಕೆ ಚಿತ್ರದ ಹಿರಿಮೆಯೊಂದೇ ಕಾರಣವಾಗಿರಲಾರದು.

ಕಾರಣ ತುಂಗಭದ್ರೆಯ ದಂಡೆಯಲ್ಲಿದೆ.

ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿದ್ದಿತು. ಹೊಳೆ ದಾಟುವವರಿಗೆ ಮತ್ತೆ ಹರಿಗೋಲೇ ಗತಿಯಾಯಿತು. ಅದರ ಮರುವರ್ಷದ ಚಳಿಗಾಲದ ಒಂದು ಸಂಜೆ ಮಾಸ್ತರರು ಶಾಲೆ ಬಿಟ್ಟ ಮೇಲೆ ಐದಾರು ಮಂದಿ ವಿದ್ಯಾರ್ಥಿಗಳೊಡನೆ ಹೊಳೆಯ ದಂಡೆಗೆ ಹೋಗಿದ್ದರು. ಅಲ್ಲಿ ಒಂದು ಬಂಡೆಗೆ ಒರಗಿ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಪರದೇಶದ ಹುಡುಗಿ ಕುಳಿತಿದ್ದಳು. ಮುಖ ಕೆಂಪೇರಿದ್ದಿತು; ಮೈ ನಡುಗುತ್ತಿದ್ದಿತು. ಕೊನೆಯ ಹರಿಗೋಲು ಹೋಗಿಯಾಗಿದ್ದಿತು. ಅವಳು ಮಾಸ್ತರರ ಬಿಳಿಯ ಅಂಗಿ, ಜೇಬಿನ ಪೆನ್ನು, ಕನ್ನಡಕಗಳನ್ನು ನೋಡಿ, ಓದಿದವರಿರಬೇಕೆಂದು ಎದ್ದು ಬಂದು ಇಂಗ್ಲಿಷಿನಲ್ಲಿ ಏನನ್ನೋ ಕೇಳಿದಳು. ವೈದ್ಯರೆಂಬ ಮಾತು, ಜ್ವರವೆಂಬ ಮಾತು ಮಾಸ್ತರರ ಕಿವಿಗೆ ಸ್ಪಷ್ಟವಾಗಿ ಬಿದ್ದವು. ಪ್ರತಿದಿನ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯನ್ನು ಆದ್ಯಂತವಾಗಿ ಓದುವವರು ಅವರು. ಅರ್ಥವಾಗದಿರಲು ಕಾರಣವೇ ಇರಲಿಲ್ಲ. ಆದರೆ ಓದುವ ಇಂಗ್ಲಿಷೇ ಬೇರೆ, ಆಡುವ ಇಂಗ್ಲಿಷೇ ಬೇರೆ. ಹಿಂದೆ ಹುಡುಗರು ನಿಂತಿದ್ದಾರೆ. ಒಂದು ಕ್ರಿಯಾಪದ ತಪ್ಪಿದರೆ ನಾಳೆ ಶಾಲೆಯೆಲ್ಲ ನಗುವುದು. ಮಾಸ್ತರರು ಕೈಯಾಡಿಸಿ, ತಮಗೆ ಇಂಗ್ಲಿಷ್ ಬರುವುದಿಲ್ಲವೆಂದು ಇಂಗ್ಲಿಷಿನಲ್ಲಿಯೇ ಹೇಳಿ, ಬಸ್ಸಿಗೆ ಹೊತ್ತಾಯಿತೆಂಬ ನೆವ ಮಾಡಿ ಹೊರಟುಬಿಟ್ಟರು.

ದೂರ ಹೋಗಿ ತಿರುಗಿ ನೋಡಿದಾಗ ಹರಿಗೋಲನ್ನು ದಡಕ್ಕೆ ಬೋರಲು ಹಾಕುತ್ತಿದ್ದ ಅಂಬಿಗನು ಆ ಹುಡುಗಿಯ ಹತ್ತಿರ ಬಂದು ನಿಂತಿದ್ದನು. ಅಕ್ಷರದ ಗಂಧವಿಲ್ಲದ ಮನುಷ್ಯ. ಹಣೆಗೆ ಅಂಗೈಯ ಹಿಂಭಾಗವನ್ನು ಮುಟ್ಟಿಸಿ ನೋಡಿ, "ಬಾ ಯವ್ವಾ, ಹೆದರಬ್ಯಾಡ" ಎಂದನು. ಅವನ ಹೆಂಡತಿ ಒಂದು ಕೌದಿಯನ್ನು ತಂದು ಹೊದಿಸಿದಳು. ಇಬ್ಬರೂ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಗಂಗಾವತಿಯ ಆಸ್ಪತ್ರೆಗೆ ಒಯ್ದರೆಂಬುದೂ, ಹುಡುಗಿ ನಾಲ್ಕು ದಿನ ಮಲಗಿ ಎದ್ದಳೆಂಬುದೂ ಮಾಸ್ತರರಿಗೆ ಆ ವಾರದಲ್ಲಿಯೇ ತಿಳಿಯಿತು. ಹುಡುಗರು ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತೇನೋ. ಮಾಸ್ತರರು ಮನೆಯಲ್ಲಿಯೂ ಇದನ್ನು ಹೇಳಲಿಲ್ಲ.

ಪರದೇಶದವರು ಈ ಸೀಮೆಗೆ ಹೊಸಬರೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗಲ್ಲಿನ ಡೊಮಿಂಗೋ ಪಾಯೆಸ್ ಬಂದಿದ್ದನು. ಬೆಟ್ಟವೊಂದನ್ನು ಹತ್ತಿ ನಿಂತು, ಕಣ್ಣಿಗೆ ಬಿದ್ದಷ್ಟು ವಿಜಯನಗರವೇ ರೋಮ್ ನಗರದಷ್ಟಿದೆಯೆಂದು ಬರೆದಿಟ್ಟನು. ಕಾಣದ ಊರನ್ನು ಕಂಡ ಊರಿನ ಅಳತೆಗೋಲಿನಿಂದ ಅಳೆಯುವುದು ಪರಸ್ಥಳದವನ ಮೊದಲ ಆಸರೆ. ಇನ್ನೂ ಹಿಂದಕ್ಕೆ ಹೋದರೆ, ಕೊಪ್ಪಳದ ಗವಿಮಠದ ಗುಡ್ಡದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಆ ಬಂಡೆಯ ಮುಂದೆ ನಿಂತ ಅಂದಿನ ಊರವನಿಗೆ ಯಾರಾದರೂ ಓದಿ ಹೇಳಿರಲೇಬೇಕು. ಓದಿ ಹೇಳಿದವನ ಹೆಸರನ್ನು ಯಾವ ಬಂಡೆಯ ಮೇಲೂ ಕೆತ್ತಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಆಂಧ್ರದ ಕರಾವಳಿಯ ರೈತರು ಬಂದು ಎಡದಂಡೆಯ ಉದ್ದಕ್ಕೂ ಕ್ಯಾಂಪುಗಳನ್ನು ಮಾಡಿಕೊಂಡು ನೆಲೆಸಿದರು. ಅವರ ಕನ್ನಡವನ್ನು ಕೇಳಿ ನಕ್ಕವರ ಮೊಮ್ಮಕ್ಕಳು ಇಂದು ಅವರ ಮೊಮ್ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಾರೆ. ಅತ್ತ ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಭೂಮಿಯ ಜನ ಬರಗಾಲ ಬಂದಾಗ ಗಂಟು ಕಟ್ಟಿಕೊಂಡು ಮಂಗಳೂರಿಗೋ ಗೋವೆಗೋ ಗುಳೆ ಹೋಗುತ್ತಾರೆ. ಅಲ್ಲಿ ನಗಿಸಿಕೊಳ್ಳುವ ಸರದಿ ಇವರದು. ಮಾಸ್ತರರ ತಂದೆಯೂ ಹಾಗೆ ಹೋಗಿದ್ದವರೇ.

2016ರ ಅಕ್ಟೋಬರಿನಲ್ಲಿ ಮಾಸ್ತರರಿಗೆ ತಾವೇ ಸಮುದ್ರ ದಾಟುವ ಪ್ರಸಂಗ ಬಂದಿತು. ಕ್ಯಾಲಿಫೋರ್ನಿಯದ ಸನ್ನಿವೇಲ್ ಎಂಬ ಊರಿನಲ್ಲಿದ್ದ ಮಗಳಿಗೆ ಹೆರಿಗೆ. ಬಾಣಂತನಕ್ಕೆಂದು ತಾಯಿ ಹೊರಟರು. ತಾಯಿಯನ್ನು ಒಬ್ಬರನ್ನೇ ಕಳಿಸುವುದು ಹೇಗೆಂದು ತಂದೆಯೂ ಹೊರಟರು. ಇಂದು ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರು ಪರದೇಶ ಕಾಣುವುದು ಹೀಗೆಯೇ. ಖಾರದ ಪುಡಿ, ಶೇಂಗಾ ಚಟ್ನಿ, ಅಳವಿ, ಅಂಟಿನುಂಡೆಗಳ ಪೆಟ್ಟಿಗೆಯ ಹಿಂದೆ ಅವರು ಹೋಗುತ್ತಾರೆ. ಬಾಣಂತನ ಮಾಡುವವರಿಗೆ ಕೈತುಂಬ ಕೆಲಸ. ಜೊತೆಗೆ ಹೋದ ಗಂಡಸಿಗೆ ಏನಿದೆ? ಕಿಟಕಿಯಿದೆ.

ಮೊದಲ ವಾರ ನಿದ್ರೆಯೇ ಹತ್ತಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಅಡುಗೆಮನೆಯ ಮೇಜಿನ ಮುಂದೆ ಕುಳಿತರೆ ಗಂಗಾವತಿಯಲ್ಲಿ ಮಧ್ಯಾಹ್ನದ ಎರಡೂವರೆ. ಊಟವಾಗಿ ಒಂದು ಜಂಪು ನಿದ್ರೆಯ ಹೊತ್ತು. ಹೊಟ್ಟೆಗೆ ಒಂದು ಊರು, ಗಡಿಯಾರಕ್ಕೆ ಒಂದು ಊರು. ಬೆಳಿಗ್ಗೆ ತಿರುಗಾಡಲು ಹೋದರೆ ಎದುರಿಗೆ ಓಡುತ್ತ ಬರುವ ಗೃಹಸ್ಥನು ನಗೆ ಬೀರಿ, ಹೇಗಿದ್ದೀರಿ ಎಂದು ಕೇಳುವನು. ಮಾಸ್ತರರು ನಿಂತು, ಗಂಟಲು ಸರಿಮಾಡಿಕೊಂಡು, ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿ ಬಾಯಿ ತೆರೆಯುವಷ್ಟರಲ್ಲಿ ಅವನು ಮೂರು ಮನೆ ದಾಟಿ ಹೋಗಿರುವನು. ಹೀಗೆ ನಾಲ್ಕು ಸಲವಾಯಿತು. ಆ ಪ್ರಶ್ನೆಗೆ ಉತ್ತರ ಬೇಕಿಲ್ಲವೆಂದು ಮಗಳು ಬಿಡಿಸಿ ಹೇಳಿದಾಗ ಮಾಸ್ತರರಿಗೆ ಸಿಟ್ಟೇ ಬಂದಿತು. ಉತ್ತರ ಬೇಡವಾದರೆ ಕೇಳುವುದೇಕೆ?

"ಅಲ್ಲಪ್ಪಾ, ನಮ್ಮೂರಾಗ ಹಾದ್ಯಾಗ ಸಿಕ್ಕವರು 'ಊಟ ಆತೇನ್ರಿ' ಅಂತಾರಲ್ಲ, ಅವರೇನು ಎಲಿ ಹಾಕಿ ಕರೀತಾರ?" ಎಂದಳು ಮಗಳು.

ಮಾಸ್ತರರು ನಿರುತ್ತರರಾದರು. ಆನೆಗೊಂದಿಯ ಬೀದಿಯಲ್ಲಿ ಊಟವಾಯಿತೇ ಎಂದು ಕೇಳಿದ ಮುದುಕಿಯ ಕಟ್ಟೆಯ ಮೇಲೆ ನಂಬಿಕೆಯಿಂದ ಹೋಗಿ ಕುಳಿತುಬಿಟ್ಟಿದ್ದ ಒಬ್ಬ ಗಡ್ಡದ ಪರದೇಶಿಯ ಕಥೆ ಅವರಿಗೆ ನೆನಪಾಗಿರಬೇಕು. ಆ ಕಥೆಯನ್ನು ಅವರೇ ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದರು. ಮುದುಕಿ ಅವನಿಗೆ ರೊಟ್ಟಿ ಪಲ್ಯೆ ಕೊಟ್ಟು ಕಳಿಸಿದಳೆಂಬ ಭಾಗವನ್ನು ಮಾತ್ರ ಕಥೆಯಲ್ಲಿ ಬೇಗ ಮುಗಿಸುತ್ತಿದ್ದರು.

ಮಾಸ್ತರರ ಮನೆಯಾಕೆಗೆ ಈ ತೊಂದರೆಗಳೊಂದೂ ಇರಲಿಲ್ಲ. ಇಂಗ್ಲಿಷಿನ ಹತ್ತು ಮಾತು ಬಾರದ ಆಕೆ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಉದ್ಯಾನಕ್ಕೆ ಹೋಗಿ, ತನ್ನಂತೆಯೇ ಮೊಮ್ಮಗನನ್ನು ತಂದ ಒಬ್ಬ ಚೀನೀ ಅಜ್ಜಿಯನ್ನು ಸಂಪಾದಿಸಿದರು. ಅವರು ಚೀನೀ ಮಾತಾಡುವರು, ಇವರು ಕನ್ನಡ. ಮಗುವಿಗೆ ಹಲ್ಲು ಬರುವ ವಿಷಯ, ಸೊಸೆಯ ವಿಷಯ, ಮಂಡಿನೋವಿನ ವಿಷಯ ಎಲ್ಲವೂ ಇಬ್ಬರಿಗೂ ತಿಳಿಯುತ್ತಿದ್ದವು. ಸೊಸೆಯ ವಿಷಯ ಹೇಗೆ ತಿಳಿಯಿತೆಂದು ಮಾಸ್ತರರು ಕೇಳಿದರು. "ಮುಖ ನೋಡಿದ್ರ ತಿಳೀತೈತ್ರಿ" ಎಂದರು ಆಕೆ.

ಆ ವರ್ಷದ ಚಳಿಗಾಲದಲ್ಲಿ ಅಲ್ಲಿ ಮಳೆ ಹಿಡಿದು ತಿರುಗಾಟವೂ ತಪ್ಪಿತು. ತಂದೆಯ ಮುಖವನ್ನು ನೋಡಲಾರದೆ ಮಗಳು ಒಂದು ಸಂಜೆ ಟಿ.ವಿ.ಯಲ್ಲಿ ಒಂದು ಚಿತ್ರವನ್ನು ಹಾಕಿದಳು. ಹೆಸರು 'ಲಾಸ್ಟ್ ಇನ್ ಟ್ರಾನ್ಸ್‌ಲೇಷನ್'. ಅನುವಾದದಲ್ಲಿ ಕಳೆದುಹೋದದ್ದು ಎಂದು ಅದರ ಅರ್ಥ; ಕಳೆದುಹೋದವರು ಎಂದೂ ಹೇಳಬಹುದು. ಸೋಫಿಯಾ ಕೊಪ್ಪೊಲಾ ಎಂಬಾಕೆ ಬರೆದು ನಿರ್ದೇಶಿಸಿ 2003ರಲ್ಲಿ ಹೊರತಂದ ಚಿತ್ರ. ಟೋಕಿಯೋ ನಗರದಲ್ಲಿ ಇಪ್ಪತ್ತೇಳೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿದರಂತೆ. ಮರುವರ್ಷ ಅದರ ಚಿತ್ರಕಥೆಗೆ ಆಸ್ಕರ್ ಬಂದಿತು.

ಕಥೆಯೆಂದು ಹೇಳುವಂಥದು ಅದರಲ್ಲಿ ಹೆಚ್ಚೇನಿಲ್ಲ. ಬಾಬ್ ಹ್ಯಾರಿಸ್ ಎಂಬ ಇಳಿವಯಸ್ಸಿನ ಅಮೆರಿಕದ ನಟನೊಬ್ಬ ಜಾಹೀರಾತಿನಲ್ಲಿ ಮದ್ಯದ ಲೋಟ ಹಿಡಿದು ನಿಲ್ಲಲು ಇಪ್ಪತ್ತು ಲಕ್ಷ ಡಾಲರು ಪಡೆದು ಟೋಕಿಯೋಗೆ ಬಂದಿದ್ದಾನೆ. ಬಿಲ್ ಮರ್ರೆ ಆ ಪಾತ್ರ ವಹಿಸಿದ್ದಾನೆ. ಅದೇ ಹೊಟೇಲಿನಲ್ಲಿ ಶಾರ್ಲಟ್ ಎಂಬ ಎಳೆಯ ಹೆಣ್ಣುಮಗಳು, ಸ್ಕಾರ್ಲೆಟ್ ಜೋಹಾನ್ಸನ್, ಛಾಯಾಚಿತ್ರಗಾರನಾದ ಗಂಡ ಕೆಲಸಕ್ಕೆ ಹೋದ ಮೇಲೆ ಎತ್ತರದ ಕಿಟಕಿಯಲ್ಲಿ ಕುಳಿತು ನಗರವನ್ನು ನೋಡುತ್ತಾಳೆ. ಇಬ್ಬರಿಗೂ ನಿದ್ರೆ ಬಾರದು. ಭಾಷೆ ತಿಳಿಯದ ಊರಿನಲ್ಲಿ ಇಬ್ಬರೂ ಕೆಲವು ದಿನ ಒಬ್ಬರಿಗೊಬ್ಬರು ಜೊತೆಯಾಗುತ್ತಾರೆ, ಮತ್ತೆ ಅಗಲುತ್ತಾರೆ. ಅಷ್ಟೆ.

ಕಿಟಕಿಯಲ್ಲಿ ಕುಳಿತ ಹುಡುಗಿಯನ್ನು ಕಂಡೊಡನೆಯೇ ಮಾಸ್ತರರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಜಾಹೀರಾತಿನ ದೃಶ್ಯದಲ್ಲಂತೂ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜಪಾನೀ ನಿರ್ದೇಶಕನು ಆವೇಶದಿಂದ ಒಂದು ದೊಡ್ಡ ಭಾಷಣವನ್ನೇ ಮಾಡುತ್ತಾನೆ. ದುಭಾಷಿಯಾದ ಹೆಂಗಸು ಅದನ್ನೆಲ್ಲ, ತಿರುಗಿ ಕ್ಯಾಮೆರಾದತ್ತ ನೋಡಬೇಕಂತೆ ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತಾಳೆ. ಇಷ್ಟೇನೇ ಅವನು ಹೇಳಿದ್ದು ಎಂಬ ಸಂಶಯ ಬಾಬನ ಮುಖದಲ್ಲಿ. ಅವನ ಮಾತಿಗೆ ಪರದೆಯ ಕೆಳಗೆ ಅರ್ಥವನ್ನು ಬರೆದಿಲ್ಲ; ಬೇಕೆಂದೇ ಬರೆದಿಲ್ಲ. ಬಾಬನಿಗೆ ತಿಳಿಯದ್ದು ನೋಡುವವನಿಗೂ ತಿಳಿಯಕೂಡದು. ಹಳಗನ್ನಡದ ಒಂದು ಪದ್ಯಕ್ಕೆ ಗೈಡುಗಳಲ್ಲಿ ಎರಡು ಸಾಲಿನ ಭಾವಾರ್ಥ ಓದಿಕೊಂಡು ಬರುವ ಹುಡುಗರ ನೆನಪು ಮಾಸ್ತರರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ.

ಆದರೆ ಚಿತ್ರದ ನಡುವೆ ಒಂದು ಆಸ್ಪತ್ರೆಯ ದೃಶ್ಯವುಂಟು. ಶಾರ್ಲಟ್‌ಳ ಕಾಲ್ಬೆರಳಿಗೆ ನೋವಾಗಿದೆ. ಬಾಬ್ ಅವಳನ್ನು ಕರೆದೊಯ್ಯುತ್ತಾನೆ. ವೈದ್ಯರು ಜಪಾನೀ ಭಾಷೆಯಲ್ಲಿಯೇ ಎಲ್ಲವನ್ನೂ ವಿವರಿಸುತ್ತಾರೆ. ಹೊರಗೆ ಕಾಯುವಲ್ಲಿ ಪಕ್ಕದಲ್ಲಿ ಕುಳಿತ ವಯಸ್ಸಾದವರೊಬ್ಬರು ಬಾಬನನ್ನು ಕೈಸನ್ನೆ ಮಾಡಿ ಏನನ್ನೋ ಕೇಳುತ್ತಾರೆ. ಬಾಬ್ ಆ ಸನ್ನೆಯನ್ನೇ ತಿರುಗಿ ಮಾಡುತ್ತಾನೆ. ಹಿಂದೆ ಕುಳಿತ ಹೆಂಗಸರು ನಗು ತಡೆಯಲಾರದೆ ಒದ್ದಾಡುತ್ತಾರೆ. ತಮಾಷೆಯ ದೃಶ್ಯ. ಮಗಳು ನಕ್ಕಳು, ತಾಯಿ ನಕ್ಕರು. ಮಾಸ್ತರರು ನಗಲಿಲ್ಲ. ಚಿತ್ರವನ್ನು ನಿಲ್ಲಿಸಲು ಹೇಳಿ, ಆರು ವರ್ಷಗಳ ಹಿಂದಿನ ಹೊಳೆದಂಡೆಯ ಸಂಗತಿಯನ್ನು ಮೊದಲ ಸಲ ಹೆಂಡತಿಯ ಮುಂದೆಯೂ ಮಗಳ ಮುಂದೆಯೂ ಹೇಳಿದರು. ಯಾವ ರಿಯಾಯಿತಿಯನ್ನೂ ತೆಗೆದುಕೊಳ್ಳದೆ ಹೇಳಿದರು. ಮಗಳು ಸುಮ್ಮನಿದ್ದಳು. ಮನೆಯಾಕೆ ಸ್ವಲ್ಪ ಹೊತ್ತು ಬಿಟ್ಟು, "ಆ ಅಂಬಿಗನ ಹೇಣ್ತಿ ಆಕೀಗೆ ಏನು ಕೊಟ್ಟಳಂತ? ಗಂಜಿ ಕೊಟ್ಟಳೋ ಇಲ್ಲೋ?" ಎಂದು ಕೇಳಿದರು. ಅದು ಮಾಸ್ತರರಿಗೆ ತಿಳಿದಿರಲಿಲ್ಲ.

ಚಿತ್ರದ ಕೊನೆಯಲ್ಲಿ ಬಾಬ್ ವಿಮಾನಕ್ಕೆ ಹೊರಟವನು ಜನಸಂದಣಿಯಲ್ಲಿ ಶಾರ್ಲಟ್‌ಳನ್ನು ಕಂಡು ಇಳಿದು ಹೋಗಿ, ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಾನೆ. ಅದು ನೋಡುವವರಿಗೆ ಕೇಳಿಸುವುದಿಲ್ಲ. ಏನು ಹೇಳಿರಬಹುದೆಂದು ಲೋಕದಲ್ಲಿ ಬಹಳ ಚರ್ಚೆಯಾಗಿದೆ. ಮಾಸ್ತರರೂ ತಲೆ ಕೆಡಿಸಿಕೊಂಡರು. ಮನೆಯಾಕೆ ಮಗುವಿನ ಬಟ್ಟೆ ಮಡಚುತ್ತಿದ್ದವರು ತಲೆಯೆತ್ತದೆಯೇ, "ಹೋಗಿ ಬಾ ಅಂದಿರ್ತಾನ. ಕಳಿಸುವಾಗ ಮತ್ತೇನಂತಾರ?" ಎಂದರು. ಹೋಗು ಎನ್ನದೆ ಹೋಗಿ ಬಾ ಎನ್ನುವ ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಅಳಿಯನಿಗೆ ಹೇಳಲು ಮಾಸ್ತರರು ಅರ್ಧ ಗಂಟೆ ಹೆಣಗಿದರು. ಅಳಿಯ ದೆಹಲಿಯ ಕಡೆಯವನು.

ಅಂದಿನಿಂದ ಊರಿಗೆ ಮರಳುವವರೆಗೆ ಮಾಸ್ತರರು ಆ ಚಿತ್ರವನ್ನು ಏಳು ಸಲ ನೋಡಿದರೆಂದು ಮಗಳ ಲೆಕ್ಕ. ಮೆಚ್ಚಿಕೆ ಕುರುಡಾಗಿರಲಿಲ್ಲ. ನಾಲ್ಕನೆಯ ಸಲಕ್ಕೆ ಅವರಿಗೆ ಒಂದು ತಕರಾರು ಹೊಳೆಯಿತು. ಅದು ನ್ಯಾಯವಾದ ತಕರಾರೇ. ಹೊರಗಿನಿಂದ ಬಂದ ಇಬ್ಬರ ಒಂಟಿತನವನ್ನು ಇಷ್ಟು ನಯವಾಗಿ ಬಿಡಿಸಿದ ಕ್ಯಾಮೆರಾ, ಯಾವೊಬ್ಬ ಜಪಾನೀಯನ ಒಂಟಿತನದ ಕಡೆಗೂ ತಿರುಗುವುದಿಲ್ಲ. ಅವರ ಉಚ್ಚಾರವೂ ಅವರ ಎತ್ತರವೂ ನಗುವುದಕ್ಕೆ ಮಾತ್ರ ಒದಗಿವೆ. ಚಿತ್ರ ಬಂದಾಗಲೇ ಈ ಮಾತನ್ನು ಎತ್ತಿ ಬೇಸರಪಟ್ಟವರುಂಟು. ದುಭಾಷಿಯ ಹೆಂಗಸು ಅಂದು ರಾತ್ರಿ ಮನೆಗೆ ಹೋಗಿ ಏನೆಂದುಕೊಂಡಿರಬಹುದು? ಅತ್ತ ನಿರ್ದೇಶಕನ ಕೂಗು, ಇತ್ತ ಅತಿಥಿಯ ಬೇಸರ. ನಡುವೆ ನಿಂತವಳು ಅವಳೊಬ್ಬಳೇ. ಬಾಬನ ಹೆಂಡತಿಯ ಪಕ್ಷವನ್ನು ಮನೆಯಾಕೆ ವಹಿಸಿಕೊಂಡರು. ಸಾವಿರಾರು ಮೈಲಿ ದೂರದಿಂದ ಕೋಣೆಗೆ ಹಾಸುವ ರತ್ನಗಂಬಳಿಯ ಬಣ್ಣದ ತುಣುಕುಗಳನ್ನು ಕಳಿಸಿ, ಯಾವುದು ಬೇಕೆಂದು ಆಕೆ ಕೇಳುವುದನ್ನು ಚಿತ್ರ ತಮಾಷೆಯಾಗಿ ತೋರಿಸುತ್ತದೆ. ಮಕ್ಕಳನ್ನು ಹಿಡಿದುಕೊಂಡು ಮನೆ ನಡೆಸುವವಳು ಅದನ್ನಲ್ಲದೆ ಇನ್ನೇನನ್ನು ಕೇಳಬೇಕೆಂಬುದು ಇವರ ವಾದ.

ಮಾಸ್ತರರ ತಕರಾರಿಗೆ ಊರಿನಲ್ಲಿಯೇ ಒಂದು ಸಾಕ್ಷಿ ಸಿಕ್ಕಿತು. ಹಂಪಿಯ ಎದುರು ದಂಡೆಯಲ್ಲಿ, ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರ ಗಡ್ಡೆ ಎಂಬ ನಡುಗಡ್ಡೆಯಿದೆ. ಎಷ್ಟೋ ವರ್ಷ ಪರದೇಶದ ತರುಣ ತರುಣಿಯರು ಅಲ್ಲಿಗೆ ಬಂದು, ಗುಡಿಸಲುಗಳಂಥ ಕೋಣೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಹೋಗುತ್ತಿದ್ದರು. ಇಸ್ರೇಲಿನವರು ಬಹಳ, ಫಲಕಗಳ ಮೇಲೆ ಹೀಬ್ರೂ ಅಕ್ಷರಗಳಿದ್ದವು. ತಿರುಳ್ಗನ್ನಡದ ನಾಡಿನಲ್ಲಿ ಹೀಬ್ರೂ! ಸಂರಕ್ಷಿತ ಪ್ರದೇಶದಲ್ಲಿ ನಿಯಮ ಮೀರಿ ಕಟ್ಟಿದ ಆ ವಸತಿಗಳನ್ನು ತೆಗೆಯಬೇಕೆಂಬ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವನ್ನು ಕೆಡವಿದರು. ಅದೇ ತಿಂಗಳ ಕೊನೆಗೆ ಮಹಾಮಾರಿಗೆ ಹೆದರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೆಟ್ಟಗಳನ್ನೂ ಗುಡಿಗಳನ್ನೂ ಉಳಿಸಬೇಕಾದರೆ ತೀರ್ಪು ಸರಿಯೆಂದೇ ಮಾಸ್ತರರ ನಂಬಿಕೆ. ಅದರಲ್ಲಿ ಅವರಿಗೆ ಎರಡು ಮಾತಿಲ್ಲ.

ಆದರೆ ಆ ವರ್ಷದ ಮಳೆಗಾಲದಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದನು. ಹತ್ತನೆಯ ಇಯತ್ತೆಯಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿ ಗಡ್ಡೆಯ ಒಂದು ಹೊಟೇಲು ಸೇರಿದ್ದವನು. ಹನ್ನೊಂದು ವರ್ಷದಲ್ಲಿ ನಿರರ್ಗಳವಾಗಿ ಇಂಗ್ಲಿಷು ಕಲಿತಿದ್ದನು. ಹೀಬ್ರೂವಿನಲ್ಲಿ ನೂರರವರೆಗೆ ಎಣಿಸುತ್ತಿದ್ದನು. ಟೊಮೆಟೊ ಗೊಜ್ಜಿನಲ್ಲಿ ತತ್ತಿ ಒಡೆದು ಹಾಕಿ ಇಸ್ರೇಲಿನವರು ಮಾಡಿಕೊಳ್ಳುವ ಅಡುಗೆಯಲ್ಲಿ ಅವನ ಕೈ ಪಳಗಿದ್ದಿತು. ಈಗ ಹೊಟೇಲಿಲ್ಲ, ಬರುವವರಿಲ್ಲ. ಭತ್ತದ ನಾಟಿಗೆ ಹೋದರೆ ಜೊತೆಯವರು ಅವನನ್ನು 'ಫಾರಿನ್ನು' ಎಂದು ಕರೆದು ನಗುತ್ತಿದ್ದರಂತೆ. ಚಹದ ಕಪ್ಪನ್ನು ಕೆಳಗಿಟ್ಟು ಅವನು, "ಇಂಗ್ಲೀಷು ನೀವು ಕಲಿಸಿದ್ರೂ ಬರಲಿಲ್ಲ ಅಂತಿದ್ರು ಅವಾಗಿನ ಇಂಗ್ಲೀಷ್ ಸರು. ಈಗ ಬಂದೈತಿ. ಯಾರ ಕೂಡ ಮಾತಾಡ್ಲಿ ಸರ?" ಎಂದನು.

ಮಾಸ್ತರರಿಗೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಕೂಡ ಮಾತಾಡು" ಎಂದರು.

ಹುಡುಗನು ತಮಾಷೆಯೆಂದು ತಿಳಿದನು. ತಮಾಷೆಯಾಗಿರಲಿಲ್ಲ. ಮುಂದೆ ಒಂದೂವರೆ ವರ್ಷ, ಪ್ರತಿ ಭಾನುವಾರ ಹತ್ತು ಗಂಟೆಗೆ, ನಪಾಸಾದ ಶಿಷ್ಯನು ಗುರುವಿಗೆ ಇಂಗ್ಲಿಷಿನಲ್ಲಿ ಮಾತಾಡಲು ಕಲಿಸಿದನು. ತಪ್ಪಾದರೆ ನಿಲ್ಲಬಾರದೆಂಬುದು ಅವನು ಹಾಕಿದ ಒಂದೇ ನಿಯಮ. ಗುರುಗಳು ಕ್ರಿಯಾಪದಕ್ಕಾಗಿ ತಡವರಿಸುವಾಗ ಒಳಗಿನಿಂದ ಮನೆಯಾಕೆ ನಗುತ್ತಿದ್ದುದುಂಟು. ಆ ಶಿಷ್ಯನು ಈಗ ಅಂಜನಾದ್ರಿಯ ದಾರಿಯಲ್ಲಿ ಒಂದು ಸಣ್ಣ ಖಾನಾವಳಿ ಇಟ್ಟಿದ್ದಾನೆ. ಬೆಟ್ಟಕ್ಕೆ ಬರುವ ಉತ್ತರದ ಯಾತ್ರಿಕರಿಗಾಗಿ ಹಿಂದಿಯನ್ನೂ ಕಲಿತಿದ್ದಾನೆ.

ಕಳೆದ ಚಳಿಗಾಲದಲ್ಲಿ ಮಾಸ್ತರರು ಅದೇ ಹೊಳೆಯ ದಂಡೆಗೆ ಹೋಗಿದ್ದರು. ಈಗ ಕಡೆಬಾಗಿಲಿನ ಹತ್ತಿರ ಸೇತುವೆಯಾಗಿದೆ; ಹರಿಗೋಲು ಹತ್ತುವವರು ಹೆಚ್ಚಾಗಿ ಮೋಜಿಗೆ ಹತ್ತುತ್ತಾರೆ. ಆ ಅಂಬಿಗ ತೀರಿಕೊಂಡು ಎರಡು ವರ್ಷವಾಯಿತೆಂದು ಅವನ ಮಗ ಹೇಳಿದನು. ಅವನ ತಾಯಿ ಬಂಡೆಯ ನೆರಳಿನಲ್ಲಿ ಕುಳಿತು ಕಡಲೆ ಮಾರುತ್ತಿದ್ದಳು. ಮಾಸ್ತರರು ಅವಳ ಹತ್ತಿರ ಕುಳಿತು, ಹಿಂದೊಮ್ಮೆ ಜ್ವರ ಬಂದ ಹುಡುಗಿಗೆ ಆ ರಾತ್ರಿ ಏನು ಕೊಟ್ಟಿರಿ ಎಂದು ಕೇಳಿದರು. ಮುದುಕಿ ಬಹಳ ಹೊತ್ತು ನೆನಪು ಮಾಡಿಕೊಂಡಳು.

"ಗಂಜಿ ಕುಡೀಲಿಲ್ರಿ ಅದು. ನನ್ನ ಕೈ ಹಿಡಕೊಂಡು ಮಲಗಿತ್ತು. ಏನೇನೋ ಅಂತಿತ್ತು, ಅವ್ವನ್ನ ಕರೀತಿತ್ತೋ ಏನೋ. ಹೂಂ ಹೂಂ ಅಂದೆ."

ಅಷ್ಟರಲ್ಲಿ ಇಬ್ಬರು ವೃದ್ಧ ಪರದೇಶಿಗಳು, ಗಂಡ ಹೆಂಡತಿ ಇರಬೇಕು, ಕೈಯಲ್ಲಿ ನಕ್ಷೆ ಹಿಡಿದು ಹತ್ತಿರ ಬಂದರು. ಮಾಸ್ತರರು ಎದ್ದು ನಿಂತರು. ರಂಗನಾಥನ ಗುಡಿ ಎಲ್ಲಿ, ಗಗನ್ ಮಹಲ್ ಎಲ್ಲಿ, ಹರಿಗೋಲಿಗೆ ಎಷ್ಟು ಕೊಡಬೇಕು, ಎಲ್ಲವನ್ನೂ ನಿಧಾನವಾಗಿ ಹೇಳಿದರು. ಎರಡು ಕ್ರಿಯಾಪದ ತಪ್ಪಿದವು, ನಿಲ್ಲಲಿಲ್ಲ. ಅವರು ಕಡಲೆ ಕೊಂಡರು, ನಕ್ಕರು, ಹರಿಗೋಲು ಹತ್ತಿದರು. ಅಂಬಿಗನ ಮಗ ಹುಟ್ಟು ಹಾಕಿದನು. ಬುಟ್ಟಿಯಂಥ ಹರಿಗೋಲು ಒಂದು ಸುತ್ತು ತಿರುಗಿ ನೀರಿಗೆ ಸರಿಯಿತು.

"ಹೋಗಿ ಬರ್ರಿ" ಎಂದು ಮಾಸ್ತರರು ಕನ್ನಡದಲ್ಲಿಯೇ ಕೂಗಿದರು.

ನೀರಿನ ಸಪ್ಪಳದಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ; ಮುದುಕ ಟೊಪ್ಪಿಗೆ ತೆಗೆದು ಬೀಸಿದನು.